ಬಾಯಿಗೂ ಒಂದು ಕಾರ್ಡು

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ‘ಆಟ’ ಅಂದರೆ ಯಕ್ಷಗಾನ. ಕಬಡ್ಡಿ, ವಾಲಿಬಾಲುಗಳೆಲ್ಲ ‘ಮ್ಯಾಚು’. ಅಡಿಕೆ ಕೊಯ್ಲು ಮುಗಿಯಿತೆಂದರೆ ಎರಡಕ್ಕೂ ರಾತ್ರಿಗಳು ಸಾಲುವುದಿಲ್ಲ. ನನಗೆ ಎರಡರ ಹುಚ್ಚೂ ಉಂಟು.

ಮೊನ್ನೆ ಸಿದ್ದಾಪುರದ ಕಡೆಯ ಒಂದು ಊರಿನಲ್ಲಿ ಹೊನಲು ಬೆಳಕಿನ ಕಬಡ್ಡಿ. ರೈಡಿಗೆ ಹೋದ ಹುಡುಗ ಪಾಯಿಂಟು ತಂದವನು ನಡುಗೆರೆ ದಾಟಿದ ಮೇಲೆ ಇದ್ದಕ್ಕಿದ್ದಂತೆ ಹೊರಳಿ, ಎದುರು ತಂಡದ ಮೂಲೆಯವನ ಕಪಾಳಕ್ಕೆ ಬಿಟ್ಟ. ಸೀಟಿ, ಗಲಾಟೆ, ಮೈಕಿನಲ್ಲಿ ಶಾಂತಿಯ ಮನವಿ. ಹುಡುಗನದ್ದು ಒಂದೇ ಮಾತು: “ಅಂವ ಆಯಿ ಮೇಲೆ ಬೈದ.” ಆಯಿ ಅಂದರೆ ನಮ್ಮಲ್ಲಿ ಅಮ್ಮ. ಹೊಡೆದವನನ್ನು ಹೊರಗೆ ಹಾಕಿದರು. ಬೈದವನು ಕೆನ್ನೆ ಒರೆಸಿಕೊಂಡು ಆಡುತ್ತಲೇ ಇದ್ದ. ನನ್ನ ಹಿಂದೆ ಕೂತಿದ್ದ ಹಿರಿಯರೊಬ್ಬರು ಕವಳ ಉಗಿದು ಬಂದು ಹೇಳಿದರು, “ಬೈದಂವ ಇನ್ನೂ ಒಳಗೇ ಇದ್ನಲಾ!”

ಹೊಡೆದದ್ದು ತಪ್ಪು. ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಹಳೆಯ ದಂಡಸಂಹಿತೆಯೂ ಸುಮ್ಮನೆ ಹಲ್ಲೆ ಮಾಡಿದವನಿಗೆ 3 ತಿಂಗಳವರೆಗೆ ಜೈಲು, ಕೆರಳಿಸಿದ್ದಕ್ಕೆ ಹಠಾತ್ತನೆ ಮಾಡಿದವನಿಗೆ 1 ತಿಂಗಳವರೆಗೆ ಎಂದಿತ್ತು. ರಿಯಾಯಿತಿ ಉಂಟು, ಮಾಫಿ ಇಲ್ಲ.

ಕೆರಳಿದವನು ಏನು ಮಾಡಬೇಕು ಅಂತ ಕೇಳುವವರಿಗೆ 1996ರ ಮಾರ್ಚ್ 9 ನೆನಪಿರಬೇಕು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ವಿಶ್ವಕಪ್ ಕ್ವಾರ್ಟರ್ ಫೈನಲ್. ಪಾಕಿಸ್ತಾನದ ಅಮೀರ್ ಸೊಹೈಲ್ ನಮ್ಮ ವೆಂಕಟೇಶ್ ಪ್ರಸಾದರ ಚೆಂಡನ್ನು ಕವರ್ಸ್ ಕಡೆ ಬೌಂಡರಿಗಟ್ಟಿ, ಮುಂದಿನದೂ ಅಲ್ಲಿಗೇ ಎಂಬಂತೆ ಬ್ಯಾಟು ಚಾಚಿ ತೋರಿಸಿದರು. ಮುಂದಿನ ಚೆಂಡಿಗೆ ಆಫ್ ಸ್ಟಂಪು ಹಾರಿತು. ಆಗ ಪ್ರಸಾದರು ಪೆವಿಲಿಯನ್ ದಾರಿ ತೋರಿಸುತ್ತ ಆಡಿದ ಮಾತು ಅಚ್ಚು ಹಾಕುವಂಥದ್ದಲ್ಲ, ಬಿಡಿ. ಕೈ ದಾರಿ ತೋರಿಸಿತೇ ಹೊರತು ಯಾರ ಮೈಮೇಲೂ ಹೋಗಲಿಲ್ಲ. ಭಾರತ 39 ರನ್ನುಗಳಿಂದ ಗೆದ್ದಿತು.

ಹತ್ತು ವರ್ಷದ ಮೇಲೆ ಬರ್ಲಿನ್ನಿನಲ್ಲಿ ಜಿನೆದಿನ್ ಜಿದಾನ್ ಇನ್ನೊಂದು ದಾರಿ ಹಿಡಿದ. 2006ರ ಫುಟ್ಬಾಲ್ ವಿಶ್ವಕಪ್ ಫೈನಲ್ಲಿನ 110ನೇ ನಿಮಿಷದಲ್ಲಿ ಇಟಲಿಯ ಮಟೆರಾಜಿಯ ಎದೆಗೆ ತಲೆಯಿಂದ ಗುದ್ದಿ ಕೆಂಪು ಕಾರ್ಡು ಪಡೆದ. ಫ್ರಾನ್ಸ್ ಪೆನಾಲ್ಟಿಯಲ್ಲಿ ಸೋತಿತು. ಇದೆಲ್ಲರಿಗೂ ಗೊತ್ತು. ಆಮೇಲೆ ವಿಚಾರಣೆ ನಡೆಸಿದ ಫಿಫಾ ಜಿದಾನನಿಗೆ 3 ಪಂದ್ಯ ನಿಷೇಧಿಸಿದ್ದಲ್ಲದೆ, ಬಾಯಿ ಹರಿಬಿಟ್ಟ ಮಟೆರಾಜಿಗೂ 2 ಪಂದ್ಯ ನಿಷೇಧಿಸಿ ದಂಡ ಹಾಕಿತು ಅನ್ನುವುದು ಮಾತ್ರ ಅಷ್ಟಾಗಿ ಯಾರಿಗೂ ನೆನಪಿಲ್ಲ. ನಮ್ಮ ಗದ್ದೆಬಯಲಿನ ಕಬಡ್ಡಿಗೆ ಬೇಕಾದದ್ದು ಅದು.

ಬೈಗುಳವನ್ನು ಆಟದೊಳಗೆ ಹದವಾಗಿ ಇಟ್ಟುಕೊಳ್ಳುವುದು ನಮಗೆ ಬಾರದ ವಿದ್ಯೆಯೂ ಅಲ್ಲ. ತಾಳಮದ್ದಳೆ ಅಂದರೆ ಮತ್ತೇನು? ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನ ಮಲ್ಲಯುದ್ಧ. ‘ಗದಾಯುದ್ಧ’ದ ದಿನ ಸರೋವರದ ದಡದಲ್ಲಿ ನಿಂತ ಭೀಮ, ನೀರೊಳಗೆ ಅಡಗಿದ ಕೌರವನನ್ನು ಅಂದು ಆಡಿ ಮೇಲೆಬ್ಬಿಸಬೇಕು. ಒಳ್ಳೆಯ ಅರ್ಥಧಾರಿ ಹಂಗಿಸುತ್ತ ಹೋದರೆ ಎದುರಿನವರ ಕಿವಿ ಕೆಂಪಾಗುವುದು ಮುಂದಿನ ಸಾಲಿನಲ್ಲಿ ಕೂತವರಿಗೆ ಕಾಣುತ್ತದೆ. ಮಾತು ಪಾತ್ರ ಬಿಟ್ಟು ವ್ಯಕ್ತಿಗೆ ತಾಗುವ ಸೂಚನೆ ಸಿಕ್ಕಿತೋ, ಭಾಗವತರು ತಾಳ ತಟ್ಟಿ ಮುಂದಿನ ಪದ ಎತ್ತಿಬಿಡುತ್ತಾರೆ. ಅರ್ಧಕ್ಕೆ ನಿಂತ ಮಾತು ಅರ್ಧಕ್ಕೇ ನಿಂತಿತು. ಚಾ ಕುಡಿಯುವ ಹೊತ್ತಿಗೆ ಭೀಮ ಕೌರವರಿಬ್ಬರೂ ಒಂದೇ ತಟ್ಟೆಗೆ ಕೈ ಹಾಕುತ್ತಾರೆ.

ಆ ಪ್ರಸಂಗದಲ್ಲಿ ನನಗೆ ಮೆಚ್ಚಾದವನು ಬಲರಾಮ. ಇಬ್ಬರಿಗೂ ಗುರು. ಭೀಮ ಕೌರವನ ತೊಡೆಗೆ ಹೊಡೆದಾಗ, ಸೊಂಟದ ಕೆಳಗೆ ಹೊಡೆಯುವುದು ಗದೆಯ ನಿಯಮಕ್ಕೆ ಹೊರತೆಂದು ನೇಗಿಲು ಎತ್ತಿದವನು. ಕೃಷ್ಣ ತಡೆದು ಭೀಮನ ಪ್ರತಿಜ್ಞೆ, ಮೈತ್ರೇಯರ ಶಾಪ ಎಂದೆಲ್ಲ ಕಾರಣ ಹೇಳುತ್ತಾನೆ. ದ್ರೌಪದಿಗೆ ತೊಡೆ ತೋರಿಸಿದ ಕೌರವನಿಗಿಂತ ಹೆಚ್ಚು ಕೆರಳಿಸಿದವರು ಇನ್ಯಾರಿದ್ದಾರೆ? ಆದರೂ ಬಲರಾಮ ಒಪ್ಪದೆ ದ್ವಾರಕೆಗೆ ಹೊರಟುಹೋದ. ಎಷ್ಟು ಸರಿಯೋ ಅಷ್ಟೇ ಅರೆಬರೆ ಅಂಪೈರು ಅವನು. ಸಭೆಯಲ್ಲಿ ಆ ತೊಡೆ ತೋರಿಸಿದ ದಿನ ಅವನ ನೇಗಿಲು ಎಲ್ಲಿತ್ತು?

ನಮ್ಮ ರೆಫ್ರಿಗಳ ಸೀಟಿಯ ಕಥೆಯೂ ಅದೇ. ಯಲ್ಲಾಪುರದ ಕಡೆಯ ಮ್ಯಾಚುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಹುಡುಗರ ಕೂದಲು, ಬಣ್ಣ ಹಿಡಿದು ಕೂಗುವುದನ್ನು ಈ ಕಿವಿಯಿಂದಲೇ ಕೇಳಿದ್ದೇನೆ. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರವೇ ಹುಡುಕಿಕೊಂಡು ಬಂದು ತರಬೇತಿಗೆ ಕರೆದೊಯ್ದದ್ದು ಈ ಸಮುದಾಯದ ಮಕ್ಕಳನ್ನು. ಅಂಥ ಕೂಗು ಹಂಗಿಸುವ ಮಾತಲ್ಲ, ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಗೆ ಸಿಕ್ಕಿಬೀಳಬಲ್ಲ ಅಪರಾಧ. ಅದನ್ನು ಕೇಳಿಯೂ ಸೀಟಿ ಊದದ ರೆಫ್ರಿ, ಆಮೇಲೆ ಬೀಳುವ ಹೊಡೆತಕ್ಕೆ ಅರ್ಧ ಪಾಲುದಾರ.

ಕಬಡ್ಡಿಯಲ್ಲಿ ಹಸಿರು, ಹಳದಿ, ಕೆಂಪು ಮೂರೂ ಕಾರ್ಡು ಉಂಟು. ಸಂಘಟಕರಲ್ಲಿ ಒಂದು ವಿನಂತಿ. ಪ್ರತಿ ಕರಪತ್ರದ ಅಡಿಯಲ್ಲಿ ‘ನಿರ್ಣಾಯಕರ ತೀರ್ಮಾನವೇ ಅಂತಿಮ’ ಎಂದು ಅಚ್ಚು ಹಾಕಿಸುತ್ತೀರಲ್ಲ, ಈ ಸಲ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಆಯಿ, ಜಾತಿ, ಬಣ್ಣ ಎತ್ತಿ ಬೈದವನೂ ಕೈ ಎತ್ತಿದವನೂ ಒಟ್ಟಿಗೇ ಹೊರಗೆ.