ಮಣ್ಣಿಗೆ ಮರಳುವವರು ಯಾರು?

ಕರಾವಳಿಯ ಒಂದು ಮನೆತನದ ಬೇಸಾಯದ ಚರಿತ್ರೆಯನ್ನು ಕನ್ನಡದಲ್ಲಿ ಮೂರು ತಲೆಮಾರಿನಷ್ಟು ಉದ್ದಕ್ಕೆ ಬರೆದಿಟ್ಟವರು ಶಿವರಾಮ ಕಾರಂತರು. 1940ರ ದಶಕದ ಆರಂಭದಲ್ಲಿ ಬಂದ ‘ಮರಳಿ ಮಣ್ಣಿಗೆ’ಯನ್ನು ನಮ್ಮ ವಿಮರ್ಶಕರು ಬದುಕಿನ ಮಹಾಗಾಥೆ ಅಂತ ಹೊಗಳಿದರು, ಕಾಲೇಜುಗಳಲ್ಲಿ ಹಾಗೇ ಪಾಠವೂ ಆಯಿತು. ಬೀದರ, ಭಾಲ್ಕಿ, ಔರಾದದ ಕಡೆಯ ನಾವು ಅದನ್ನು ಓದುವಾಗ ಮೊದಲು ಅಡ್ಡ ಬರುವುದು ಭಾಷೆಯಲ್ಲ. ಕೋಡಿಯ ಮಾತು ಹತ್ತು ಪುಟ ಓದಿದರೆ ಕಿವಿಗೆ ಹತ್ತುತ್ತದೆ. ಸಮುದ್ರವೂ ಅಲ್ಲ. ಅಡ್ಡ ಬರುವುದು ಆ ‘ಮರಳಿ’ ಎಂಬ ಪದ. ಮರಳಬೇಕಾದರೆ ಮೊದಲು ಅಲ್ಲಿ ಏನಾದರೂ ಇರಬೇಕಲ್ಲ?

ಕಾರಂತರನ್ನು ಒಂದೇ ಏಟಿಗೆ ತಳ್ಳಿಹಾಕುವ ಚಪಲ ನಮಗಿಲ್ಲ. 1973ರ ಬೂಸಾ ಗದ್ದಲದ ನಂತರ ಹಳೆಯ ಪುಸ್ತಕಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬುವುದು ಕೆಲವರಿಗೆ ಸಲೀಸಾಗಿತ್ತು, ಅದರಿಂದ ಲಾಭವಾಗಿದ್ದು ಓದದವರಿಗೆ. ಈ ಕಾದಂಬರಿಯಲ್ಲಿ ಬೆವರು ಇದೆ. ರಾಮ ಐತಾಳರು ಪೌರೋಹಿತ್ಯಕ್ಕೆ ಊರೂರು ಸುತ್ತುವಾಗ ಮನೆ ನಡೆಸಿದವರು ತಂಗಿ ಸರಸೋತಿ, ಹೆಂಡತಿ ಪಾರೋತಿ. ಸೊಪ್ಪು ಸೌದೆ ತಂದವರು, ಕೊಟ್ಟಿಗೆ ಬಾಚಿದವರು, ಗದ್ದೆಗೆ ಇಳಿದವರು, ಮಳೆಗಾಲದ ನೀರಿಗೆ ಎದೆ ಕೊಟ್ಟವರು ಅವರೇ. ಬ್ರಾಹ್ಮಣ ಮನೆಯ ಹೆಂಗಸು ದುಡಿದು ಸವೆಯುವುದನ್ನು ಅಷ್ಟು ನಿಷ್ಠುರವಾಗಿ ಬರೆದವರು ಆವರೆಗೆ ಎಷ್ಟು ಮಂದಿ? ಮಗ ಲಚ್ಚ ಇಂಗ್ಲಿಷ್ ಕಲಿತು ಕೆಟ್ಟ, ಸೊಸೆ ನಾಗವೇಣಿ ಅದರ ಬೆಲೆ ತೆತ್ತಳು. ನೆರೆಮನೆಯ ಶೀನಮಯ್ಯನ ಕಡೆಯವರು ಹೋಟೆಲ್ ಹಿಡಿದು ಬೆಂಗಳೂರು ಸೇರಿದರು. ಮೊಮ್ಮಗ ರಾಮ ಮದರಾಸು ಕಂಡ, ಚಳವಳಿಗೆ ಇಳಿದ, ಮುಂಬಯಿಯಲ್ಲಿ ಕೆಲಸಕ್ಕೆ ಅಲೆದ. ಕಡೆಗೆ ಊರಿಗೆ ಬಂದು ನೇಗಿಲು ಹಿಡಿದ. ಅಜ್ಜ ಕೂಡಿಟ್ಟಿದ್ದು, ಅಪ್ಪ ಕಳೆದದ್ದು, ಮೊಮ್ಮಗ ಮತ್ತೆ ಹಿಡಿದದ್ದು. ಇದು ಕತೆ.

ಹಿಡಿಯಲಿಕ್ಕೆ ಅಲ್ಲಿ ನೆಲ ಇತ್ತು, ಅದನ್ನು ವಿಮರ್ಶಕರು ಹೇಳಲಿಲ್ಲ. ಅದೇ ಮನೆಯ ಸುತ್ತ ದುಡಿದ ಸೂರ, ಬಚ್ಚಿಯರೂ ಪುಸ್ತಕದಲ್ಲಿದ್ದಾರೆ. ಒಳ್ಳೆಯವರು, ನಂಬಿಗಸ್ತರು. ಆದರೆ ಅವರ ಮೂರು ತಲೆಮಾರು ಎಲ್ಲಿ? ಐತಾಳರ ಮನೆಯ ಹುಟ್ಟು, ಸಾವು, ಮದುವೆ, ಸಾಲ ಎಲ್ಲಕ್ಕೂ ಲೆಕ್ಕವಿದೆ, ಸೂರನ ಮನೆಯ ಲೆಕ್ಕ ಐತಾಳರ ಮನೆಗೆ ತಾಗಿದಷ್ಟೇ ಕಾಣುತ್ತದೆ. ಲೇಖಕ ಕೆಟ್ಟವನಾಗಿದ್ದಕ್ಕೆ ಹೀಗಾಯಿತು ಅಂತ ನಾವು ಅನ್ನುವುದಿಲ್ಲ. ‘ಮನೆತನ’ ಎಂಬುದನ್ನು ಕತೆಯ ಅಳತೆಗೋಲು ಮಾಡಿಕೊಂಡ ಕೂಡಲೇ, ಮನೆ ಇಲ್ಲದವನಿಗೆ ತನವೂ ಇಲ್ಲದೆ ಹೋಗುತ್ತದೆ.

ಈಗ ನಮ್ಮ ಕಡೆ ನೋಡೋಣ. ಬೀದರ ಶಹರದ ಸುತ್ತ ಕೆಂಪು ಜಂಬಿಟ್ಟಿಗೆ ನೆಲ. ಭಾಲ್ಕಿ, ಔರಾದದ ಕಡೆಗೆ ಇಳಿದರೆ ಎರೆ. ಜೋಳ, ತೊಗರಿ, ಉದ್ದು, ಹೆಸರು, ಈಚೆಗೆ ಸೋಯಾ, ನೀರಿದ್ದಲ್ಲಿ ಕಬ್ಬು. ಈ ನೆಲದಲ್ಲಿ ಹುಟ್ಟಿ ಹೈದರಾಬಾದು, ಪುಣೆ, ಮುಂಬಯಿಗೆ ಹೋದವರು ಕೋಡಿಯ ರಾಮನಿಗಿಂತ ಕಡಿಮೆ ಅಲೆದವರಲ್ಲ. 1972ರ ಬರಗಾಲದಲ್ಲಿ ಹೋದವರು ಎಷ್ಟೋ ಮಂದಿ. ಮಳೆ ಬಂದ ಮೇಲೆ ತಿರುಗಿ ಬಂದರು ಸಹ. ಬಂದು ಏನ್ ಹಿಡದರು? ಯುಗಾದಿಯಿಂದ ಯುಗಾದಿಗೆ ಗೌಡನ ಮನಿ ಸಾಲಗಡಿ. ವರ್ಷದ ಕೂಲಿ ಮುಂಗಡ ತಗೊಂಡು, ಅದು ತೀರದೆ ಮತ್ತೊಂದು ಯುಗಾದಿ. ಇದನ್ನು ಯಾರಾದರೂ ‘ಮರಳಿ ಮಣ್ಣಿಗೆ’ ಅಂದರೆ ನಗಬೇಕೋ ಅಳಬೇಕೋ ತಿಳಿಯೂದಿಲ್ಲ.

ಆಶ್ಚರ್ಯವೆಂದರೆ ಈ ಪ್ರಶ್ನೆಗೆ ಉತ್ತರವನ್ನು ಕಾರಂತರೇ ಮೊದಲು ಬರೆದಿದ್ದರು. 1933ರ ‘ಚೋಮನ ದುಡಿ’ ಅದೇ ಜಿಲ್ಲೆಯ ಇನ್ನೊಂದು ಬೇಸಾಯದ ಚರಿತ್ರೆ. ನಡೆಯದೇ ಹೋದ ಬೇಸಾಯದ್ದು. ಚೋಮನ ಹತ್ತಿರ ಎರಡು ಎತ್ತು ಇವೆ. ಭೂಮಿ ಇಲ್ಲ. ಒಡೆಯ ಸಂಕಪ್ಪಯ್ಯ ಮನಸ್ಸು ಮಾಡಿದರೂ ಅವನ ತಾಯಿ ಒಪ್ಪುವುದಿಲ್ಲ: ಹೊಲೆಯ ಬೇಸಾಯ ಮಾಡುವುದೆಂದರೇನು! ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಜ್ವರದಿಂದ ಸಾಯುತ್ತಾನೆ, ಒಬ್ಬ ಅಲ್ಲೇ ಉಳಿಯುತ್ತಾನೆ, ಸಣ್ಣವ ನೀರಲ್ಲಿ ಮುಳುಗುವಾಗ ಮುಟ್ಟಿ ಎತ್ತುವವರಿಲ್ಲ. ಕಡೆಗೆ ನೇಗಿಲು ಮುರಿಯುತ್ತದೆ. ಇವೆರಡನ್ನೂ ಒಬ್ಬನೇ ಬರೆದದ್ದು. ಆದರೂ ಒಂದನ್ನು ‘ಬದುಕು’ ಅಂತಲೂ ಇನ್ನೊಂದನ್ನು ‘ಜಾತಿ ಸಮಸ್ಯೆ’ ಅಂತಲೂ ಬೇರೆ ಬೇರೆ ಕಪಾಟಿನಲ್ಲಿಟ್ಟವರು ನಮ್ಮ ಪಂಡಿತರು. ಐತಾಳರದ್ದು ಜಾತಿಯ ಕತೆ ಅಲ್ಲವೇ? ಚೋಮನದ್ದು ಬದುಕಲ್ಲವೇ?

‘ಚೋಮನ ದುಡಿ’ಯೊಂದಿಗೂ ನಮಗೆ ತಕರಾರಿದೆ. ಭೂಮಿ ಸಿಗಬಹುದೆಂಬ ಆಸೆಯಿಂದ ಚೋಮ ಇಗರ್ಜಿಯ ದಾರಿ ಹಿಡಿಯುತ್ತಾನೆ. ಕುಲದೈವದ ನೆನಪಾಗಿ ಹಿಂದಕ್ಕೆ ಬರುತ್ತಾನೆ. 1975ರಲ್ಲಿ ಬಿ.ವಿ. ಕಾರಂತರ ಸಿನಿಮಾ ಬಂದು ರಾಷ್ಟ್ರಪ್ರಶಸ್ತಿ ಪಡೆದ ಮೇಲಂತೂ ಚೋಮನ ದುರಂತ ನೋಡಿ ಕಣ್ಣೊರೆಸಿಕೊಂಡವರಿಗೆ ಲೆಕ್ಕವಿಲ್ಲ. ನಮ್ಮ ಜಿಲ್ಲೆಯ ಮಂದಿ ಮಾತ್ರ ಹಿಂದಕ್ಕೆ ಬರಲಿಲ್ಲ. ಮೆಥಡಿಸ್ಟ್ ಮಿಶನ್ನಿನ ಕಾಲದಿಂದ ಕೇರಿಯ ಎಷ್ಟೋ ಮನೆಗಳು ಆ ಹೊಸ್ತಿಲು ದಾಟಿದವು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧರಾದರು. ಅದಾಗಿ ಮೂರು ವಾರವಾಗುವ ಮೊದಲೇ, ನವೆಂಬರ್ 1ಕ್ಕೆ, ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಕೇರಿಗಳಿಗೆ ಯಾವುದು ದೊಡ್ಡ ಸುದ್ದಿಯಾಗಿತ್ತು ಅಂತ ಹಿರಿಯರನ್ನು ಕೇಳಿ ನೋಡಿ. ದಾಟಿದವರಿಗೆ ಶಾಲೆ, ದವಾಖಾನೆ, ತಲೆ ಎತ್ತಿ ನಡೆಯುವ ಮನಸ್ಸು ಸಿಕ್ಕಿತು. ಹೊಲ? ಅದು ಸಿಗಲಿಲ್ಲ. ಬದಲಿಗೆ ಸರಕಾರ 1950ರ ಆದೇಶದ ಪ್ರಕಾರ ಕ್ರೈಸ್ತರಾದವರನ್ನು ಪರಿಶಿಷ್ಟರ ಪಟ್ಟಿಯಿಂದ ಹೊರಗಿಟ್ಟಿತು, ಬೌದ್ಧರು ಒಳಗೆ ಬರಲು 1990ರ ತನಕ ಕಾಯಬೇಕಾಯಿತು. ಚೋಮ ದಾಟಿದ್ದರೆ ಏನಾಗುತ್ತಿತ್ತು ಎಂಬ ಕಾದಂಬರಿ ಬರೆಯಬೇಕಾದ ಜಾಗ ಬೀದರ.

ಇನ್ನು ಕಾಯಿದೆಯ ಮಾತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರಕಾರಕ್ಕೆ ಸೇರಿತು. ಏಳನೆಯ ನಮೂನೆ ತುಂಬಿದ ಗೇಣಿದಾರ ಒಡೆಯನಾದ. ಕರಾವಳಿಯಲ್ಲಿ ಇದರಿಂದ ನಿಜವಾಗಿ ಬಹಳ ಜಮೀನು ಕೈ ಬದಲಿಸಿತು, ಐತಾಳರಂಥ ಮನೆತನಗಳ ಕತೆಯೇ ಬೇರೆ ದಾರಿ ಹಿಡಿಯಿತು. ಆದರೆ ಕಾಯಿದೆ ಕೇಳಿದ್ದು ‘ಗೇಣಿ ಯಾರದು’ ಅಂತ, ‘ದುಡಿದವರು ಯಾರು’ ಅಂತಲ್ಲ. ಚೋಮ ಗೇಣಿದಾರ ಆಗಿರಲೇ ಇಲ್ಲ. ಅಂಥವನಿಗೆ 38ನೇ ಕಲಮಿನ ಪ್ರಕಾರ ಸಿಕ್ಕರೆ ಗುಡಿಸಲಿನ ಅಡಿಯ ಜಾಗ. ನಮ್ಮ ಕಡೆ ಬಟಾಯಿ ಬಾಯಿಮಾತಿನದು. ಕಾಗದ ಇದ್ದರೆ ತಾನೇ ನಮೂನೆ ತುಂಬೋದು? ಮೇಲಾಗಿ ಮಿತಿ ಹತ್ತು ಯೂನಿಟ್. ನೀರಾವರಿಯ ಉತ್ತಮ ನೆಲ ಇದ್ದಲ್ಲಿ ಹತ್ತು ಎಕರೆ, ಮಳೆ ನಂಬಿದ ಒಣಭೂಮಿ ಇದ್ದಲ್ಲಿ 54 ಎಕರೆ ಒಂದೇ ಕುಟುಂಬ ಇಟ್ಟುಕೊಳ್ಳಬಹುದು. 54 ಎಕರೆ ಎರೆ ಎಷ್ಟು ಅಂತ ಔರಾದದ ಮಾಸ್ತರರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಪಹಣಿಯನ್ನೂ ಒಂದು ಸಾಹಿತ್ಯ ಕೃತಿ ಅಂತ ಓದಬೇಕು. ಒಂಬತ್ತನೆಯ ಕಲಂ ಒಡೆಯನದ್ದು, ಹನ್ನೆರಡನೆಯದು ಸಾಗುವಳಿದಾರನದ್ದು. ‘ಮರಳಿ ಮಣ್ಣಿಗೆ’ ಒಂಬತ್ತನೆಯ ಕಲಮಿನ ಕಾದಂಬರಿ. ಸರಸೋತಿ, ಪಾರೋತಿಯರಿಂದಾಗಿ ಅದು ಹನ್ನೆರಡನೆಯದಕ್ಕೂ ಇಣುಕುತ್ತದೆ, ಅದೇ ಅದರ ದೊಡ್ಡಸ್ತಿಕೆ. ಕಳೆ ತೆಗೆದವಳಿಗೆ, ಸಾಲಗಡಿಗೆ ಯಾವ ಕಲಮೂ ಇಲ್ಲ. ಭಾಲ್ಕಿಯ ಒಬ್ಬ ವಿದ್ಯಾರ್ಥಿ ಇದನ್ನು ಓದಿ ಪರೀಕ್ಷೆಯಲ್ಲಿ ‘ಮಣ್ಣಿನ ಮಮತೆ’ ಅಂತ ಬರೆದರೆ ಅಂಕ ಸಿಗುತ್ತದೆ. ‘ಇದರಲ್ಲಿ ನಮ್ಮವ್ವ ಎಲ್ಲಿದಾಳ?’ ಅಂತ ಬರೆದರೆ ಸಿಗುತ್ತದೋ ಇಲ್ಲವೋ. ಪಾಠ ಮಾಡುವ ಗೆಳೆಯರು ಎರಡೂ ಕಾದಂಬರಿಗಳನ್ನು ಒಟ್ಟಿಗೆ ತರಗತಿಗೆ ಒಯ್ಯಬೇಕು. ಮಕ್ಕಳು ತಮ್ಮೂರಿನ ಒಂದು ಸರ್ವೆ ನಂಬರಿನ ಪಹಣಿ ತರಲಿ. ಆ ಹೊಲದಲ್ಲಿ ಕಳೆದ ಸುಗ್ಗಿಗೆ ಯಾರ್‍ಯಾರು ದುಡಿದರು ಅಂತ ಅದರ ಪಕ್ಕದಲ್ಲಿ ಬರೆಯಲಿ.

2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳನ್ನು ಕಿತ್ತರು. ಒಕ್ಕಲುತನ ಮಾಡದವನೂ ಹೊಲ ಕೊಳ್ಳಲು ದಾರಿಯಾಯಿತು. ದುಡ್ಡಿದ್ದವರು ಶನಿವಾರ ಭಾನುವಾರಕ್ಕೆ ತೋಟದ ಮನೆಗೆ ಬರುವುದಕ್ಕೂ ಈಗ ‘ಮರಳಿ ಮಣ್ಣಿಗೆ’ ಅಂತಲೇ ಹೆಸರು. ಕಾರಂತರ ರಾಮ ಕೆಸರಿಗೆ ಇಳಿದಿದ್ದನಾದರೂ.

ಸಾಲಗಡಿಯ ಕಡೆಯಿಂದ ಮೂರು ತಲೆಮಾರಿನ ಬೇಸಾಯದ ಕತೆ ಯಾರಾದರೂ ಬರೆಯುತ್ತಿದ್ದರೆ, ಅದು ಕನ್ನಡ, ಮರಾಠಿ, ದಖನಿ ಬೆರೆತ ನಮ್ಮ ಮಾತಿನಲ್ಲೇ ಇರಲಿ, ಕಾಗುಣಿತ ತಪ್ಪಿದ್ದರೂ ಇರಲಿ, ಕಳಿಸಿ. ಓದಿ ಜಗಳವಾಡಲು ನಾವು ತಯಾರಿದ್ದೇವೆ.