ಲೋಭದ ಅಳತೆಗೋಲು

ಬಹಳ ಧನವುಳ್ಳವನೇ ಲೋಭಿಯೆಂಬುದು ಲೋಕರೂಢಿ. ಜೈನಾಚಾರ್ಯರು ಇದನ್ನು ಒಪ್ಪಲಿಲ್ಲ. ಉಮಾಸ್ವಾತಿಗಳ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ವಸ್ತುವಿನ ಮೇಲಣ ಮಮತೆಯನ್ನೇ ಪರಿಗ್ರಹವೆಂದು ನಿರೂಪಿಸುತ್ತದೆ. ಆದರೆ ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಅದೇ ಗ್ರಂಥವು ವಸ್ತುಗಳ ಪಟ್ಟಿಗೆ ಮರಳುತ್ತದೆ: ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯ ಮೊದಲಾದವು ಗೊತ್ತುಪಡಿಸಿದ ಮಿತಿಯನ್ನು ಮೀರಬಾರದು. ಇಲ್ಲೊಂದು ಕೊರತೆಯುಂಟು. ಮಿತಿಯನ್ನು ಇಡುವವನು ಗೃಹಸ್ಥನೇ. ಅದನ್ನು ಹಿರಿದಾಗಿಟ್ಟವನಿಗೆ ವ್ರತಭಂಗದ ಭಯವಿಲ್ಲ. ಅವನ ಗಳಿಕೆಯಿಂದ ನೆರೆಯವನಿಗಾದ ನಷ್ಟವು ಲೆಕ್ಕಕ್ಕೇ ಬಾರದು.

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಈ ಕೊರತೆಯನ್ನು ತುಂಬಿದೆ. ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಾಹನ ಎಂಬ ಐದನ್ನು ಅದು ಅತಿಚಾರಗಳೆಂದು ಹೇಳುತ್ತದೆ. ಪ್ರಭಾಚಂದ್ರರ ಟೀಕೆಯನ್ನು ಓದಿದರೆ ಇದು ಪೇಟೆಯನ್ನು ಬಲ್ಲವರ ಮಾತೆಂದು ತಿಳಿಯುತ್ತದೆ. ಎತ್ತುಗಳನ್ನು ಶಕ್ತಿಮೀರಿ ನಡೆಸುವುದು, ಅವುಗಳ ಮೇಲೆ ಅಳವಿಗೆ ಮೀರಿ ಹೇರುವುದು, ಮುಂದೆ ಬೆಲೆ ಏರೀತೆಂದು ಧಾನ್ಯವನ್ನು ಕೂಡಿಡುವುದು, ಮಾರಿದ ಸರಕಿಗೆ ಬೇರೊಬ್ಬನು ಹೆಚ್ಚು ಪಡೆದನೆಂದು ಕೊರಗುವುದು, ಒಳ್ಳೆಯ ಲಾಭ ಬಂದರೂ ಸಾಲದೆನ್ನುವುದು. ಇಲ್ಲಿ ತೂಗಿದ್ದು ಆಸ್ತಿಯನ್ನಲ್ಲ, ನಡತೆಯನ್ನು. ಐದರಲ್ಲಿ ಎರಡು ಮನಸ್ಸಿನ ದೋಷಗಳು. ಉಳಿದ ಮೂರರ ಭಾರವು ಪರರ ಬೆನ್ನಿನ ಮೇಲೆ ಬೀಳುವಂಥದು.

ಈ ಅಳತೆಗೋಲನ್ನು ಕೊಪ್ಪಳ ಸೀಮೆಯಲ್ಲಿ ಹಿಡಿದು ನೋಡಬಹುದು. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದಾಗ ಬಹುಪಾಲು ಭೂಮಿಗೆ ಅಲ್ಪ ನೀರಿನ ಬೆಳೆಗಳನ್ನೇ ನಿಗದಿಪಡಿಸಲಾಗಿತ್ತು. ಗಂಗಾವತಿಯ ಮೇಲ್ಭಾಗದಲ್ಲಿ ಭತ್ತವು ಆ ಮೇರೆಯನ್ನು ದಾಟಿ ಹಬ್ಬಿತು. ಕಾಲುವೆಯ ಕೊನೆಯ ರಾಯಚೂರು ಭಾಗದ ರೈತರು ನೀರಿಗಾಗಿ ಬಾಯಿಬಿಡುವಂತಾಯಿತು. 133 ಟಿಎಂಸಿ ಸಾಮರ್ಥ್ಯದ ಜಲಾಶಯವು ಹೂಳು ತುಂಬಿ ಇಂದು ಸುಮಾರು 105 ಟಿಎಂಸಿಗೆ ಇಳಿದಿದೆ. ಇತ್ತ ಕುಷ್ಟಗಿ, ಯಲಬುರ್ಗಾಗಳ ಬಹುತೇಕ ಹೊಲಗಳು ಮಳೆಯನ್ನೇ ನಂಬಿವೆ. ಗಂಗಾವತಿಯ ಒಕ್ಕಲಿಗನು ಸಿರಿವಂತನೇ ಆಗಿರಬೇಕಿಲ್ಲ, ಎರಡೆಕರೆಯವನೂ ಆಗಿರಬಹುದು. ಆಸ್ತಿಯ ಪಟ್ಟಿಯಲ್ಲಿ ಅವನು ನಿರ್ದೋಷಿ. ಸಮಂತಭದ್ರರ ತಕ್ಕಡಿಯಲ್ಲಿ ಮಾತ್ರ ಪಾಲಿಗಿಂತ ಹೆಚ್ಚು ಸೆಳೆದ ನೀರು ಅತಿಸಂಗ್ರಹವೇ. ಆ ಭತ್ತವನ್ನು ಕೊಂಡು, ಬೆಲೆಗಾಗಿ ಕಾದು ಗೋದಾಮಿನಲ್ಲಿ ತಡೆಯುವ ವರ್ತಕನಿಗೂ ಅದೇ ತಕ್ಕಡಿ.

ಶಾಸ್ತ್ರಕಾರರು ಕಾಲುವೆಯನ್ನು ಕಂಡವರಲ್ಲ. ಎಲ್ಲರ ಪಾಲಿನ ವಸ್ತುವನ್ನು ಅವರು ಬೇರೆಯಾಗಿ ಹೆಸರಿಸಲಿಲ್ಲ. ಆ ವಿಸ್ತರಣೆಯು ಇಂದಿನ ಶ್ರಾವಕರ ಹೊಣೆ. ‘ಕವಿರಾಜಮಾರ್ಗ’ವು ಹೆಸರಿಸಿದ ಕೊಪಣವು ಸರ್ವವನ್ನೂ ತೊರೆದವರ ನಿಸಿಧಿಗಳ ನೆಲ. ಅಂಥ ನೆಲದಲ್ಲಿ ದಾನವೆಷ್ಟೆಂದು ಬರೆದುಕೊಳ್ಳುವ ಬಸದಿಯ ಆಡಳಿತವು, ಆ ಗಳಿಕೆಯ ಭಾರವನ್ನು ಹೊತ್ತವರಾರೆಂದೂ ವಿಚಾರಿಸುವುದು ಧರ್ಮ. ದಾನವು ಲೋಭವನ್ನು ತಗ್ಗಿಸಬಲ್ಲುದು; ಪರರ ಪಾಲನ್ನು ತಾನಾಗಿ ಹಿಂದಿರುಗಿಸದು.