ನಾಲ್ಕನೆಯ ಕಾಲಂ

ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ, ಬಾಗಿಲಿನ ಎಡಗಡೆಯ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ ಒಂದು ಪಟ್ಟಿ ತೂಗುತ್ತಿದೆ. ‘ಮಕ್ಕಳು ಅವಶ್ಯವಾಗಿ ಓದಬೇಕಾದ ನಲವತ್ತು ಪುಸ್ತಕಗಳು’ ಎಂಬುದು ಅದರ ತಲೆಬರಹ. ಕ್ರಮಸಂಖ್ಯೆ, ಪುಸ್ತಕದ ಹೆಸರು, ವಯಸ್ಸು, ಪುಸ್ತಕದಿಂದ ದೊರೆಯುವ ನೀತಿ, ಹೀಗೆ ನಾಲ್ಕು ಕಾಲಮುಗಳು. ಈ ಪಟ್ಟಿಯನ್ನು ಕುರಿತು ಕೆಲವು ಕಠಿಣವಾದ ಮಾತುಗಳನ್ನು ಆಡಬೇಕೆಂದಿದ್ದೇನೆ. ಪಟ್ಟಿ ಮಾಡಿದವರ ವಿಷಯದಲ್ಲಿ ನನಗೆ ದಾಕ್ಷಿಣ್ಯವೇನೂ ಇಲ್ಲ. ಏಕೆಂದರೆ ಮಾಡಿದವನು ನಾನೇ.

ನಾಲ್ಕು ವರ್ಷಗಳ ಹಿಂದಿನ ಮಾತು. ಗ್ರಂಥಾಲಯದವರು ಒಂದು ನಮೂನೆಯನ್ನು ಕಳಿಸಿ, ‘ತಾವು ಕನ್ನಡ ಅಧ್ಯಾಪಕರು, ತಮಗಿಂತ ಬಲ್ಲವರು ಯಾರು?’ ಎಂದರು. ಈ ಬಗೆಯ ಮಾತಿಗೆ ಸೋಲದ ಅಧ್ಯಾಪಕನನ್ನು ನಾನು ಇನ್ನೂ ಕಂಡಿಲ್ಲ. ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ ಕುಳಿತು ಒಂದೇ ಸಂಜೆಯಲ್ಲಿ ನಲವತ್ತು ಹೆಸರುಗಳನ್ನೂ ತುಂಬಿಬಿಟ್ಟೆ. ಹದಿನೆಂಟು ಜೀವನಚರಿತ್ರೆಗಳು, ಹತ್ತು ನೀತಿಕಥೆಗಳ ಸಂಗ್ರಹಗಳು, ಐದು ಸಾಮಾನ್ಯಜ್ಞಾನದ ಪುಸ್ತಕಗಳು. ಉಳಿದ ಏಳು ಸ್ಥಾನಗಳಲ್ಲಿ ಪಂಜೆ, ಕುವೆಂಪು, ರಾಜರತ್ನಂ, ಕಾರಂತ ಮೊದಲಾದವರು ಇಕ್ಕಟ್ಟಾಗಿ ಕುಳಿತರು. ಆ ನಲವತ್ತರಲ್ಲಿ ಒಂದನ್ನಾದರೂ ಕಪಾಟಿನಿಂದ ತೆಗೆದು ಮತ್ತೊಮ್ಮೆ ಓದಿ ನೋಡಿದೆನೆ? ಇಲ್ಲ. ನೆನಪಿನಿಂದ ಬರೆದೆ, ನೆನಪಿಲ್ಲದೆಡೆಯಲ್ಲಿ ಮರ್ಯಾದೆಯಿಂದ ಬರೆದೆ.

ಈ ಬೇಸಿಗೆಯಲ್ಲಿ ಅದೇ ಗ್ರಂಥಾಲಯದವರು ಹತ್ತು ದಿನಗಳ ಮಕ್ಕಳ ಶಿಬಿರವನ್ನು ನಡೆಸಿದರು. ಹತ್ತು ವರ್ಷದ ನನ್ನ ಮಗಳು ಅದಕ್ಕೆ ಸೇರಿದಳು. ಕರೆದುಕೊಂಡು ಹೋಗಿ ಕರೆತರುವ ಕೆಲಸ ನನ್ನ ಪಾಲಿಗೆ ಬಂದುದರಿಂದ, ದಿನಾ ಎರಡು ಗಂಟೆಗಳ ಕಾಲ ವೃತ್ತಪತ್ರಿಕೆಯನ್ನು ಮುಖಕ್ಕೆ ಹಿಡಿದು ಮೂಲೆಯ ಬೆಂಚಿನ ಮೇಲೆ ಕುಳಿತಿದ್ದೆ. ಕಾಲೇಜಿನಲ್ಲಿ ಬಾಲಸಾಹಿತ್ಯದ ಬಗೆಗೆ ಪ್ರಶ್ನೆ ಬಂದರೆ ಐದು ಅಂಕಕ್ಕೆ ಟಿಪ್ಪಣಿ ಬರೆಯಿಸುವ ನಾನು, ಮಕ್ಕಳು ಪುಸ್ತಕವನ್ನು ಹೇಗೆ ಆರಿಸಿಕೊಳ್ಳುತ್ತಾರೆಂಬುದನ್ನು ಕಣ್ಣಾರೆ ನೋಡಿದುದು ಅದೇ ಮೊದಲು.

ಮೂರನೆಯ ದಿನ ಬೇಸರ ಕಳೆಯಲೆಂದು ನನ್ನ ಪಟ್ಟಿಯ ಪುಸ್ತಕಗಳನ್ನು ಹುಡುಕಿ ತೆಗೆದೆ. ಪ್ರತಿ ಪುಸ್ತಕದ ಕೊನೆಯಲ್ಲಿ, ಯಾವ ದಿನ ಹಿಂದಿರುಗಿಸಬೇಕೆಂದು ಮುದ್ರೆ ಒತ್ತುವ ಚೀಟಿ ಅಂಟಿಸಿರುತ್ತದಷ್ಟೆ. ವಿಮರ್ಶಕನಿಗೆ ಇದಕ್ಕಿಂತ ಒಳ್ಳೆಯ ಗುರು ಬೇರೆ ಇಲ್ಲವೆಂದು ಈಗ ತೋರುತ್ತದೆ. ಹದಿನೆಂಟು ಜೀವನಚರಿತ್ರೆಗಳ ಪೈಕಿ ಹನ್ನೆರಡರ ಚೀಟಿಯಲ್ಲಿ ಒಂದು ಮುದ್ರೆಯೂ ಇರಲಿಲ್ಲ. ಸಾಮಾನ್ಯಜ್ಞಾನದ ಪುಸ್ತಕಗಳು ಓಡಾಡಿದ್ದವು, ಆದರೆ ಕ್ವಿಜ್ ಸ್ಪರ್ಧೆಯ ವಾರದಲ್ಲಿ ಮಾತ್ರ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಚೀಟಿ ತುಂಬಿ, ಅದರ ಮೇಲೆ ಇನ್ನೊಂದನ್ನು ಅಂಟಿಸಿ, ಅದೂ ತುಂಬುತ್ತ ಬಂದಿತ್ತು. ಹೊಲಿಗೆ ಬಿಚ್ಚಿ, ಇಲಿಗಳಿರುವ ಹಾಳೆಗಳು ಕೈಗೇ ಬರುತ್ತಿದ್ದವು.

ಜೀವನಚರಿತ್ರೆಗಳನ್ನು ಮಕ್ಕಳು ಓದುವುದೇ ಇಲ್ಲವೆಂದು ಇದರ ಅರ್ಥವಲ್ಲ. 1970ರ ದಶಕದಲ್ಲಿ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹೊರಬಂದ ‘ಭಾರತ-ಭಾರತಿ’ ಮಾಲೆಯ 510 ಪುಟ್ಟ ಪುಸ್ತಕಗಳಲ್ಲಿ ನೂರಕ್ಕೆ ಕಡಮೆಯಿಲ್ಲದಷ್ಟನ್ನು ನಾನೇ ಬಾಲ್ಯದಲ್ಲಿ ಓದಿದ್ದೇನೆ. ಏಕೆ ಓದಿದೆ? ಮಹಾಪುರುಷನಾಗಬೇಕೆಂದಲ್ಲ. ಅವು ಗಣಿತದ ಪುಸ್ತಕದ ನಡುವೆ ಹಿಡಿಸುತ್ತಿದ್ದವು. ಒಂದೇ ಕೂರಿಕೆಯಲ್ಲಿ ಮುಗಿಯುತ್ತಿದ್ದವು. ‘ಒಂದು ಪುಸ್ತಕ ಮುಗಿಸಿದೆ’ ಎನ್ನುವ ಹೆಮ್ಮೆಯನ್ನು ಕೊಡುತ್ತಿದ್ದವು. ಇದನ್ನು ಪಟ್ಟಿಯ ಯಾವ ಕಾಲಮಿನಲ್ಲಿ ಬರೆಯಬೇಕಾಗಿತ್ತೋ ತಿಳಿಯದು.

ಮೂರನೆಯ ಕಾಲಂ, ಎಂದರೆ ವಯಸ್ಸಿನದು, ನಾಲ್ಕನೆಯದಕ್ಕಿಂತ ಮೋಸದ್ದು. ಶಿಬಿರಕ್ಕೆ ಬಂದ ಮೂವತ್ತು ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದವರು. ನನ್ನ ಮಗಳೂ ಅಷ್ಟೆ. ಕನ್ನಡ ಅಧ್ಯಾಪಕನ ಮನೆಯ ಈ ಸಂಗತಿಯನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಈ ಮಕ್ಕಳು ಕನ್ನಡವನ್ನು ಕೇಳಿ ಆನಂದಪಡಬಲ್ಲರು, ಜಗಳವಾಡಬಲ್ಲರು. ಓದುವಾಗ ಮಾತ್ರ ಒತ್ತಕ್ಷರ ಬಂದೊಡನೆ ಕಲ್ಲಿಗೆ ಕಾಲು ತಾಗಿದಂತೆ ನಿಲ್ಲುತ್ತಾರೆ. ‘ಹತ್ತರಿಂದ ಹನ್ನೆರಡು’ ಎಂದು ನಾನು ಬರೆದ ಪುಸ್ತಕವನ್ನು ಆ ಹುಡುಗಿ ಓದಲಾರಳು. ‘ಐದರಿಂದ ಏಳು’ ಎಂದಿರುವುದನ್ನು ಗೆಳತಿಯರ ಎದುರಿಗೆ ಮುಟ್ಟಲಾರಳು, ನಾಚಿಕೆ. ಬುದ್ಧಿಗೆ ಹತ್ತು ವರ್ಷ, ಓದಿಗೆ ಆರು ವರ್ಷ. ಎರಡರ ನಡುವಿನ ಈ ಕಂದರಕ್ಕೆ ಸೇತುವೆ ಯಾವುದು? ಯಾವ ಪಟ್ಟಿಯೂ ಅಲ್ಲ. ಉತ್ತರ ನನಗೆ ದೊರೆತುದು ಐದನೆಯ ದಿನ, ತೀರ ಆಕಸ್ಮಿಕವಾಗಿ.

ಅಂದು ಚಿತ್ರಕಲೆಯ ಮೇಷ್ಟರು ಬರಲಿಲ್ಲ. ಮಕ್ಕಳ ಗದ್ದಲ ಮೇರೆ ಮೀರಿತು. ಕಪಾಟುಗಳ ಧೂಳು ಒರೆಸಿ ಪುಸ್ತಕ ಜೋಡಿಸುವ ಹೆಂಗಸೊಬ್ಬರು ಅಲ್ಲಿದ್ದಾರೆ. ಕುಂದಾಪುರದ ಕಡೆಯವರು, ಏಳನೆಯ ತರಗತಿಯವರೆಗೆ ಓದಿದವರು. ಕೈಗೆ ಸಿಕ್ಕಿದ ಪಂಜೆಯವರ ಪುಸ್ತಕವನ್ನು ತೆರೆದು ಅವರು ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬುದನ್ನು ಗಟ್ಟಿಯಾಗಿ ಓದತೊಡಗಿದರು. ‘ಆಂಟಿ, ಸಿಗಡಿ ಅಂದ್ರೇನು?’ ಎಂದಿತು ಒಂದು ಮಗು. ಅವರು ಕಿರುಬೆರಳನ್ನು ಕೊಕ್ಕೆಯಂತೆ ಬಗ್ಗಿಸಿ, ‘ಇಷ್ಟುದ್ದ, ಹೀಂಗೆ ಬಾಗಿಕೊಂಡಿರ್ತದೆ. ನಮ್ಮ ಬದಿಯಲ್ಲಿ ಚಟ್ಲಿ ಅಂತೇವೆ. ಬಿಸಿಲಿಗೆ ಹಾಕಿದ್ರೆ ಕಾಗೆ ಕಾಯೋದೇ ಒಂದು ಕೆಲಸ’ ಎಂದರು. ಅರ್ಥಕೋಶದಲ್ಲಿ ಈ ಅರ್ಥ ದೊರೆಯುವುದಿಲ್ಲ.

ಅದೊಂದು ಸರಪಳಿ ಕಥೆ. ಒಣಗಲು ಹಾಕಿದ್ದು ಒಣಗಲಿಲ್ಲ. ಏಕೆಂದು ಕೇಳಿದರೆ ಒಂದು ಇನ್ನೊಂದನ್ನು ದೂರುತ್ತದೆ, ಅದು ಮತ್ತೊಂದನ್ನು. ಮೂರನೆಯ ಕೊಂಡಿಗೆ ಬರುವಷ್ಟರಲ್ಲಿ ಮೂವತ್ತು ಮಕ್ಕಳೂ ಪ್ರಶ್ನೆಯನ್ನು ತಾವೇ ಕೂಗುತ್ತಿದ್ದರು. ಮುಗಿದ ಮೇಲೆ ‘ಇನ್ನೊಂದ್ಸಲ’ ಎಂದರು. ಎರಡನೆಯ ಸಲ ಪುಸ್ತಕ ಮಕ್ಕಳ ಕೈಗೇ ಹೋಯಿತು. ಕಿವಿಗೆ ಆಗಲೇ ಪರಿಚಿತವಾದ ಮಾತು ಕಣ್ಣಿಗೆ ಅಷ್ಟು ಕಠಿಣವೆನಿಸಲಿಲ್ಲ. ನನ್ನ ಮಗಳೂ ಒಂದು ಪುಟ ಓದಿದಳು. ಮನೆಯಲ್ಲಿ ನಾನು ಎಷ್ಟು ಗದರಿಸಿದರೂ ಓದದವಳು.

ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದವರು. ತರಗತಿಯ ಮೇಷ್ಟರಾಗಿ ಮಕ್ಕಳ ನಾಲಗೆಯನ್ನು ಬಲ್ಲವರು. ಅವರ ವಾಕ್ಯಗಳು ಕಿವಿಗಾಗಿ ಕಟ್ಟಿದ ವಾಕ್ಯಗಳು. ಈ ಕಥೆಯ ಎದುರಿಗೆ, ನಾಲ್ಕನೆಯ ಕಾಲಮಿನಲ್ಲಿ, ನಾನು ಏನು ಬರೆದಿದ್ದೆನೆಂದು ಎದ್ದು ಹೋಗಿ ನೋಡಿದೆ: ‘ತನ್ನ ತಪ್ಪನ್ನು ಇತರರ ಮೇಲೆ ಹೊರಿಸಬಾರದು.’ ಓದಿ ಮುಖ ಬಿಸಿಯಾಯಿತು. ಕಥೆಯ ರುಚಿಯೆಲ್ಲ ಹೊರಿಸುವುದರಲ್ಲೇ ಇದೆ! ಯಾರೂ ಹೊರಿಸದಿದ್ದರೆ ಕಥೆ ಮೊದಲನೆಯ ಸಾಲಿಗೇ ಮುಗಿದುಹೋಗುತ್ತಿತ್ತು.

ನೀತಿ ಇರಲೇಬಾರದೆಂದು ನನ್ನ ವಾದವಲ್ಲ. ರಾಜರತ್ನಂ ಅವರ ತುತ್ತೂರಿಯ ಪದ್ಯದಲ್ಲಿ ನೀತಿ ಉಂಟು. ಜಂಬದಿಂದ ಬೀದಿಯಲ್ಲಿ ನಡೆದ ಹುಡುಗನ ತುತ್ತೂರಿ ಕೊನೆಗೆ ನೀರಿಗೆ ಬೀಳುತ್ತದೆ. ಆದರೆ ಮೂರು ತಲೆಮಾರು ಅದನ್ನು ಬಾಯಿಪಾಠ ಮಾಡಿದ್ದು ಜಂಬ ಬಿಡಲೆಂದೇನು? ಬಣ್ಣದ ತುತ್ತೂರಿಯನ್ನು ಮಗು ಮೊದಲು ತನ್ನದಾಗಿಸಿಕೊಳ್ಳುತ್ತದೆ, ಊದುತ್ತದೆ, ತಾನೇ ಆ ಜಂಬದ ಹುಡುಗನಾಗುತ್ತದೆ. ತುತ್ತೂರಿ ಕೆಟ್ಟಾಗ ಅದಕ್ಕೆ ಆಗುವುದು ವ್ಯಥೆ, ಉಪದೇಶವಲ್ಲ. ಕಿಂದರಿಜೋಗಿಯಲ್ಲೂ ಹಾಗೆಯೇ. ಬ್ರೌನಿಂಗ್ ಕವಿಯ ಹ್ಯಾಮೆಲಿನ್ ಪಟ್ಟಣವನ್ನು ಕುವೆಂಪು ತುಂಗೆಯ ತೀರಕ್ಕೆ ತಂದರು. ಕೊಟ್ಟ ಮಾತಿಗೆ ತಪ್ಪಬಾರದೆಂಬುದು ನಾನು ತುಂಬಿದ ನೀತಿ. ಮಕ್ಕಳಾದರೋ ಇಲಿಗಳ ಬಂಧುಬಳಗದ ಮೆರವಣಿಗೆಯಲ್ಲಿ ಕುಣಿದರು. ಜೊತೆಗಾರರೆಲ್ಲ ಹೋಗಿ ಕುಂಟ ಹುಡುಗನೊಬ್ಬನೇ ಹಿಂದುಳಿದೆಡೆಯಲ್ಲಿ ಇಡೀ ಕೋಣೆ ಮೌನವಾಯಿತು. ಆ ಮೌನವನ್ನು ಯಾವ ಕಾಲಮಿಗೆ ಸೇರಿಸುವುದು?

ಪಟ್ಟಿ ಮಾಡುವವರು ಎಡವುವುದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗವನ್ನು ಕಟ್ಟಿ ಬೆಳೆಸಿದ ಆನ್ ಕ್ಯಾರಲ್ ಮೂರ್ ಎಂಬ ಮಹಿಳೆ ಸಾಮಾನ್ಯಳಲ್ಲ. ಮಕ್ಕಳಿಗೆ ಎಟುಕುವ ಎತ್ತರದ ಪೀಠೋಪಕರಣ, ಕಥೆ ಹೇಳುವ ಹೊತ್ತು, ಪುಸ್ತಕಗಳನ್ನು ಮಕ್ಕಳೇ ಮುಟ್ಟಿ ಆರಿಸುವ ಸ್ವಾತಂತ್ರ್ಯ, ಇವೆಲ್ಲ ಬೇರೂರುವುದಕ್ಕೆ ಆಕೆ ಬಹುಮಟ್ಟಿಗೆ ಕಾರಣ. ಆಕೆಯ ಶಿಫಾರಸು ಪಟ್ಟಿಗೆ ಪ್ರಕಾಶಕರು ನಡುಗುತ್ತಿದ್ದರು. 1947ರಲ್ಲಿ ಮಾರ್ಗರೆಟ್ ವೈಸ್ ಬ್ರೌನ್ ಬರೆದ ‘ಗುಡ್‌ನೈಟ್ ಮೂನ್’ ಎಂಬ ಚಿತ್ರಪುಸ್ತಕ ಬಂತು. ಮಲಗುವ ಹೊತ್ತಿನಲ್ಲಿ ಪುಟ್ಟ ಮೊಲದ ಕೋಣೆಯ ಒಂದೊಂದು ವಸ್ತುವಿಗೂ ಶುಭರಾತ್ರಿ ಹೇಳುವುದು, ಅಷ್ಟೇ ಕಥೆ. ಆ ಹೊತ್ತಿಗೆ ನಿವೃತ್ತಳಾಗಿದ್ದರೂ ಗ್ರಂಥಾಲಯದಲ್ಲಿ ಪ್ರಭಾವ ಉಳಿಸಿಕೊಂಡಿದ್ದ ಮೂರ್‌ಗೆ ಅದು ಹಿಡಿಸಲಿಲ್ಲ. ಗ್ರಂಥಾಲಯ ಅದನ್ನು ಕೊಂಡದ್ದು 1972ರಲ್ಲಿ, ಇಪ್ಪತ್ತೈದು ವರ್ಷಗಳ ಮೇಲೆ! 2020ರಲ್ಲಿ ಅದೇ ಗ್ರಂಥಾಲಯ ತನ್ನ 125 ವರ್ಷಗಳಲ್ಲಿ ಅತಿ ಹೆಚ್ಚು ಎರವಲು ಹೋದ ಪುಸ್ತಕಗಳನ್ನು ಪ್ರಕಟಿಸಿದಾಗ, ಎಜ್ರಾ ಜ್ಯಾಕ್ ಕೀಟ್ಸ್‌ನ ‘ದಿ ಸ್ನೋಯಿ ಡೇ’ ಮೊದಲನೆಯದಾಗಿತ್ತು. ‘ಗುಡ್‌ನೈಟ್ ಮೂನ್’ ಹತ್ತರೊಳಗೆ ಬರಲಿಲ್ಲ, ಆ ಇಪ್ಪತ್ತೈದು ವರ್ಷಗಳ ಗೈರುಹಾಜರಿಯೇ ಅದಕ್ಕೆ ಕಾರಣವೆಂದು ಅವರೇ ಒಪ್ಪಿಕೊಂಡರು. ಮಕ್ಕಳನ್ನು ಅಷ್ಟು ಬಲ್ಲವಳಿಗೇ ಹೀಗಾದರೆ, ಉತ್ತರಪತ್ರಿಕೆಗಳ ನಡುವೆ ಕುಳಿತ ನನ್ನ ಪಾಡೇನು?

ಶಿಬಿರದ ಉಳಿದ ಚಟುವಟಿಕೆಗಳ ಬಗೆಗೆ ಹೆಚ್ಚು ಹೇಳುವುದಿಲ್ಲ. ಅಂದವಾದ ಬರವಣಿಗೆಯ ಸ್ಪರ್ಧೆ, ಛದ್ಮವೇಷ, ‘ನಾನು ಪ್ರಧಾನಿಯಾದರೆ’ ಎಂಬ ಪ್ರಬಂಧ. ಬಹುಮಾನ ಸ್ಟೀಲ್ ಡಬ್ಬಿ. ಗ್ರಂಥಾಲಯದಲ್ಲಿ ಪುಸ್ತಕವನ್ನೇ ಬಹುಮಾನವಾಗಿ ಕೊಡಬಾರದೆಂಬ ನಿಯಮ ಎಲ್ಲಾದರೂ ಉಂಟೋ ಏನೋ. ಈ ವಿಷಯದಲ್ಲಿ ಹಳ್ಳಿಗಳೇ ಒಂದು ಹೆಜ್ಜೆ ಮುಂದಿರಬಹುದು. 2020ರಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳತೊಡಗಿದವು. ನಗರದ ನಾವು ಛದ್ಮವೇಷದಲ್ಲೇ ಇದ್ದೇವೆ.

ಹೊಸ ಪುಸ್ತಕಗಳ ಮಾತು ಬೇರೆ. ಈಗ ಬರುತ್ತಿರುವ ಬಣ್ಣದ ಚಿತ್ರಪುಸ್ತಕಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಬಾಲ್ಯದಲ್ಲಿ ಇಂಥವು ಎಲ್ಲಿದ್ದವು? ಆದರೆ ಅವುಗಳಲ್ಲಿ ಹಲವು ಅನುವಾದಗಳು, ಮತ್ತು ಅನುವಾದವೆಂದು ಮೊದಲ ವಾಕ್ಯದಲ್ಲೇ ಗೊತ್ತಾಗುವಂಥವು. ಚಿತ್ರ ನಗುತ್ತದೆ, ಮಾತು ನಗುವುದಿಲ್ಲ. ಗಟ್ಟಿಯಾಗಿ ಓದಿದೊಡನೆ ಉಸಿರು ತಪ್ಪುತ್ತದೆ. ಅಚ್ಚಿಗೆ ಕೊಡುವ ಮುನ್ನ ಆ ಕುಂದಾಪುರದ ಹೆಂಗಸಿನಂಥವರ ಕೈಯಲ್ಲಿ ಒಮ್ಮೆ ಓದಿಸಿ ಕೇಳಿದರೆ ಅರ್ಧ ದೋಷ ಅಲ್ಲಿಯೇ ಉದುರಿಹೋದೀತು. ಇತ್ತ, ಮಕ್ಕಳಿಗೆಂದೇ ಬರೆಯದ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಹನ್ನೆರಡರ ಹುಡುಗನೊಬ್ಬ ನೆಲದ ಮೇಲೆ ಮಲಗಿ ಓದುತ್ತಿದ್ದ. ಅದು ದೊಡ್ಡವರ ಕಪಾಟಿನಿಂದ ಕದ್ದು ತಂದದ್ದು. ನನ್ನ ಪಟ್ಟಿಯಲ್ಲಿ ಅದಿಲ್ಲ.

ಇನ್ನು ಕಾರಂತರ ‘ಬಾಲಪ್ರಪಂಚ’. 1936ರಲ್ಲಿ, ಒಬ್ಬನೇ ಮನುಷ್ಯ, ಕನ್ನಡದ ಮಕ್ಕಳಿಗಾಗಿ ಮೂರು ಸಂಪುಟಗಳಲ್ಲಿ ಲೋಕವನ್ನೆಲ್ಲ ತಂದಿಟ್ಟ ಸಾಹಸ. ಅದರೊಳಗಿನ ವಿಜ್ಞಾನ ಈಗ ಹಳೆಯದಾಗಿರಬಹುದು, ಕುತೂಹಲ ಹಳೆಯದಾಗಿಲ್ಲ. ಅದು ಎಲ್ಲಿ ಎಂದು ಕೇಳಿದೆ. ಬೀಗ ಹಾಕಿದ ಗಾಜಿನ ಬೀರುವಿನೊಳಗೆ. ‘ತೆಗೆದು ಹೊರಗಿಡಬಾರದೆ ಮೇಡಂ?’ ಎಂದೆ. ‘ಕಳೆದುಹೋದರೆ ನನ್ನ ಸಂಬಳದಲ್ಲಿ ಮುರಿಯುತ್ತಾರೆ ಸಾರ್, ನಿಮ್ಮ ಸಂಬಳದಲ್ಲಲ್ಲ’ ಎಂದರು ಗ್ರಂಥಪಾಲಕಿ. ಉತ್ತರ ಹೊಳೆಯಲಿಲ್ಲ. ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕೆಂದು 1931ರಲ್ಲಿ ಸೂತ್ರ ಹಾಕಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ದಿನಗಳನ್ನು ಕಳೆದು 1972ರಲ್ಲಿ ತೀರಿಕೊಂಡುದು ಇದೇ ಬೆಂಗಳೂರಿನಲ್ಲಿ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಮೇರೆಗೆ ನಮ್ಮ ಮನೆಗಂದಾಯದ ಜೊತೆಗೆ ನೂರಕ್ಕೆ 6ರಂತೆ ಗ್ರಂಥಾಲಯ ಕರವನ್ನು ನಾವು ಕಟ್ಟುತ್ತಿದ್ದೇವೆ. ಆ ಹಣದಲ್ಲಿ ಕೊಂಡ ಪುಸ್ತಕ ಹರಿದರೆ ಅದು ನಷ್ಟವೆಂದೂ, ಬೀಗದೊಳಗೆ ನಲವತ್ತು ವರ್ಷ ಹೊಸದಾಗಿಯೇ ಉಳಿದರೆ ಆಸ್ತಿಯೆಂದೂ ಲೆಕ್ಕ ಬರೆಯುವ ಪದ್ಧತಿ ಇರುವವರೆಗೆ ಆ ಹೆಣ್ಣುಮಗಳನ್ನು ದೂರುವುದು ಅನ್ಯಾಯ. ಸಿಗಡಿ ಯಾಕೆ ಒಣಗಲಿಲ್ಲವೆಂದು ಕೇಳಿದಂತಾದೀತು.

ಶಿಬಿರ ಮುಗಿದ ಮೇಲೆ ಗ್ರಂಥಪಾಲಕಿಯವರ ಒಪ್ಪಿಗೆ ಪಡೆದು ಹೊಸ ಪಟ್ಟಿಯೊಂದನ್ನು ಮಾಡಿದೆ. ಈ ಸಲ ಹದಿನಾರೇ ಹೆಸರುಗಳು. ಪ್ರತಿಯೊಂದನ್ನೂ ಆ ಹತ್ತು ದಿನಗಳಲ್ಲಿ ಯಾರಾದರೂ ಒಬ್ಬರು ಗಟ್ಟಿಯಾಗಿ ಓದಿದ್ದರು, ಮಕ್ಕಳು ಕೇಳಿದ್ದರು. ಅರ್ಧದಲ್ಲಿ ಎದ್ದುಹೋದ ಪುಸ್ತಕಗಳನ್ನು, ನನ್ನ ಗುರುಗಳೊಬ್ಬರದೂ ಅವುಗಳಲ್ಲಿ ಸೇರಿದ್ದರೂ, ಕೈಬಿಟ್ಟೆ. ವಯಸ್ಸಿನ ಕಾಲಮಿನಲ್ಲಿ ಉದ್ದಕ್ಕೂ ಒಂದು ಗೆರೆ ಎಳೆದೆ. ನೀತಿಯ ಕಾಲಮನ್ನು ಖಾಲಿ ಬಿಟ್ಟು ಮೇಲಿನ ಕಚೇರಿಗೆ ಕಳಿಸಿಕೊಟ್ಟೆವು. ಮೂರು ವಾರಗಳ ಮೇಲೆ ಅದು ಹಿಂದಿರುಗಿ ಬಂದಿದೆ. ಕೆಂಪು ಶಾಯಿಯಲ್ಲಿ ಷರಾ: ‘ನಾಲ್ಕನೆಯ ಕಾಲಂ ಅಪೂರ್ಣ. ಭರ್ತಿ ಮಾಡಿ ಮರುಸಲ್ಲಿಸುವುದು.’